ಕೈ ಮೊದಲು, ಮಾತು ಆಮೇಲೆ

ಯಳಂದೂರಿನ ಆಚೆ ಒಂದು ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿರುವ ಪದ್ಮಿನಿಯನ್ನು ಬಲ್ಲವರೆಲ್ಲ ಒಂದೇ ಮಾತು ಹೇಳುತ್ತಾರೆ. "ಎಂಥಾ ತಾಳ್ಮೆ ಕಣ್ರಿ ಆ ಮೇಡಮ್ಮಂಗೆ! ಮಕ್ಕಳು ತಲೆ ಮೇಲೆ ಕೂತ್ರೂ ಗದರಾಕಿಲ್ಲ" ಅಂತ. ಹೊಗಳಿಕೆ ಕಿವಿಗೆ ಬಿದ್ದಾಗೆಲ್ಲ ಪದ್ಮಿನಿಯ ಮುಖ ಸಣ್ಣಗಾಗುತ್ತದೆ. ಜನ ಅದನ್ನು ವಿನಯ ಅಂದುಕೊಳ್ಳುತ್ತಾರೆ. ವಿನಯವೂ ಅಲ್ಲ, ಮಣ್ಣೂ ಅಲ್ಲ. ಆ ತಾಳ್ಮೆಯನ್ನು ಅವಳು ಹುಟ್ಟುವಾಗ ತಂದವಳಲ್ಲ, ಯಾವ ಡಿ.ಎಡ್. ಪುಸ್ತಕದಲ್ಲೂ ಓದಿದವಳಲ್ಲ. ರಾಮಾಪುರದಾಚೆಯ ಹೊನ್ನೆದೊಡ್ಡಿಯಲ್ಲಿ ಹತ್ತು ವರ್ಷದ ಒಂದು ಹುಡುಗಿಯ ಹೊಟ್ಟೆ ಉರಿಸಿ ಕಲಿತದ್ದು ಅದು.

ಪದ್ಮಿನಿ ಧನಗೆರೆಯವಳು. ಅಪ್ಪ ನಾಗಯ್ಯ ಬೇಸಾಯಗಾರ, ಮಗಳು ಮೇಷ್ಟರಾಗಬೇಕು ಅಂತ ಮನೆಯಲ್ಲಿ ಅವನಿಗಿಂತ ಹೆಚ್ಚು ಆಸೆಪಟ್ಟವರು ಯಾರೂ ಇಲ್ಲ. ಮೂರನೇ ತರಗತಿಯಲ್ಲಿದ್ದಾಗ ಮಗ್ಗಿ ತಪ್ಪಿದ್ದಕ್ಕೆ ಹುಣಸೆ ಬರಲಿನ ರುಚಿ ಕಂಡಿದ್ದಳು ಪದ್ಮಿನಿ. ಅಂಗೈ ಊದಿಕೊಂಡು ಎರಡು ದಿನ ಮುದ್ದೆ ಮುರಿಯಲಾಗದೆ ಅವ್ವನ ಕೈಯಲ್ಲಿ ಉಂಡಿದ್ದಳು. ನಾನು ಟೀಚರ್ ಆದರೆ ಕೋಲು ಮುಟ್ಟುವುದಿಲ್ಲ ಎಂದು ಆವತ್ತೇ ತೀರ್ಮಾನ ಮಾಡಿದ್ದಳಂತೆ. ಆ ತೀರ್ಮಾನವನ್ನು ಅವಳು ಮುರಿಯಲಿಲ್ಲ. ಮುರಿದದ್ದು ಬೇರೆಯದನ್ನು.

ಕೊಳ್ಳೇಗಾಲದಲ್ಲಿ ಡಿ.ಎಡ್. ಎರಡನೇ ವರ್ಷಕ್ಕೆ ಬಂದಾಗ ಅಭ್ಯಾಸ ಪಾಠಕ್ಕೆ ಹೊನ್ನೆದೊಡ್ಡಿ ಶಾಲೆ ಹಾಕಿದರು. ಹತ್ತು ವಾರ. ಬೆಳಿಗ್ಗೆ ಕತ್ತಲಿರುವಾಗಲೇ ಎದ್ದು ಕೊಳ್ಳೇಗಾಲಕ್ಕೆ ಬಂದು, ಏಳು ಗಂಟೆಯ ಬಸ್ಸು ಹಿಡಿದು, ಹನೂರು ದಾಟಿ ರಾಮಾಪುರದಲ್ಲಿಳಿದು, ಅಲ್ಲಿಂದ ಸರ್ವಿಸ್ ಆಟೋದಲ್ಲಿ ಹತ್ತು ಜನರ ನಡುವೆ ಮುದುಡಿಕೊಂಡು ಹೋಗಬೇಕು. ಐದನೇ ತರಗತಿ ಅವಳ ಪಾಲಿಗೆ ಬಂತು. ಇಪ್ಪತ್ತನಾಲ್ಕು ಮಕ್ಕಳು. ಮಕ್ಕಳೋ, ಬಿಡಿ! ಸಂಜೆಯಾದರೆ ಹೊಲದಲ್ಲಿ ಹಂದಿ ಬೆದರಿಸುವ ಗಂಟಲುಗಳು. ಒಬ್ಬ ಕೂಗಿದರೆ ಇಪ್ಪತ್ತಮೂರು ಜನ ಮಾರುತ್ತರ ಕೊಡುತ್ತಿದ್ದರು. ಮೊದಲ ವಾರ ಪದ್ಮಿನಿ ಮನೆಗೆ ಬಂದಾಗ ದನಿಯೇ ಹೊರಡುತ್ತಿರಲಿಲ್ಲ.

ಎರಡನೇ ವಾರ ಅವಳೊಂದು ಉಪಾಯ ಮಾಡಿದಳು. ದೊಡ್ಡ ಚಾರ್ಟ್ ಹಾಳೆಯ ಮೇಲೆ ಮಕ್ಕಳ ಹೆಸರೆಲ್ಲ ಬರೆದು 'ಶಹಬ್ಬಾಸ್ ಪಟ್ಟಿ' ಅಂತ ಗೋಡೆಗೆ ಅಂಟಿಸಿದಳು. ಒಳ್ಳೆಯ ಕೆಲಸ ಮಾಡಿದವರ ಹೆಸರಿನ ಮುಂದೆ ಒಂದು ನಕ್ಷತ್ರ. ಕೊಳ್ಳೇಗಾಲದ ಫ್ಯಾನ್ಸಿ ಸ್ಟೋರಿನಲ್ಲಿ ನಕ್ಷತ್ರದ ಸ್ಟಿಕ್ಕರ್ ಸಿಗದೆ ಹಣೆಬೊಟ್ಟಿನ ಪ್ಯಾಕೆಟ್ಟು ತಂದಿದ್ದಳು. ಕೆಂಪು, ಹಸಿರು, ನೀಲಿ ಬೊಟ್ಟುಗಳು. ಗಿಡಕ್ಕೆ ನೀರು ಹಾಕಿದರೆ ಒಂದು ಬೊಟ್ಟು, ಕೈ ಎತ್ತಿ ಮಾತಾಡಿದರೆ ಒಂದು ಬೊಟ್ಟು, ಹಲ್ಲುಜ್ಜಿ ಬಂದರೆ ಒಂದು ಬೊಟ್ಟು. ಅಯ್ಯೋ, ಆ ಬೊಟ್ಟಿಗಾಗಿ ಮಕ್ಕಳು ಬಿದ್ದು ಸಾಯುತ್ತಿದ್ದರು. ತರಗತಿ ತಣ್ಣಗಾಯಿತು.

ತಣ್ಣಗಾದದ್ದೇನೋ ನಿಜ, ಜೊತೆಗೇ ಸುಳ್ಳೂ ಶುರುವಾಯಿತು. ಒಂದೇ ಗಿಡಕ್ಕೆ ಆರು ಜನ ನೀರು ಹಾಕಿದವರು! ಹಲ್ಲಿನ ಮೇಲೆ ನಿನ್ನೆಯ ಸೊಪ್ಪು ಇನ್ನೂ ಅಂಟಿಕೊಂಡಿರುವಾಗಲೇ ಮಾದೇಶ ಅನ್ನುವ ಹುಡುಗ ಎದೆಯುಬ್ಬಿಸಿ, "ಮಾದಪ್ಪನಾಣೆಗೂ ಉಜ್ಜಿವ್ನಿ ಮಿಸ್" ಅಂದ. ಪದ್ಮಿನಿಗೆ ನಗು ಬಂತು. ಅವಳ ಬ್ಯಾಗಿನಲ್ಲಿ ಅವ್ವ ಹಾಕಿಕೊಟ್ಟ ಒಂದು ಪುಟ್ಟ ಡಬ್ಬಿಯಿತ್ತು. ಬೆಟ್ಟದಿಂದ ತಂದ ಮಾದಪ್ಪನ ದೂಳ್ತ, ಅಂದರೆ ವಿಭೂತಿ, ಹೋದಲ್ಲಿ ಬಂದಲ್ಲಿ ಕಾಪಾಡಲಿ ಅಂತ ಕೊಟ್ಟದ್ದು. ಅದನ್ನು ತೆಗೆದು ಮೇಜಿನ ಮೇಲಿಟ್ಟು ಹೇಳಿದಳು: "ಇದು ಮಾದಪ್ಪನ ದೂಳ್ತ ಕಣೋ. ಇದರ ಮೇಲೆ ಕೈ ಇಟ್ಟು ಹೇಳು ನೋಡೋಣ."

ಮಾದೇಶನ ಕೈ ಅರ್ಧ ದಾರಿಗೆ ಬಂದು ನಿಂತಿತು. "ಇವತ್ತು ಉಜ್ಜಿಲ್ಲ ಮಿಸ್" ಅಂದ ಸಣ್ಣ ದನಿಯಲ್ಲಿ. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು.

ನಗುವಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಪದ್ಮಿನಿಗೆ ನಿಧಿ ಸಿಕ್ಕ ಹಾಗಾಯಿತು. ಬೇರೆ ಸೀಮೆಯಿಂದ ಬಂದ ಟೀಚರಾಗಿದ್ದರೆ ಈ ಬುದ್ಧಿ ಹೊಳೆಯುತ್ತಿರಲಿಲ್ಲ. ಈ ಸೀಮೆಯಲ್ಲಿ ಮಾದಪ್ಪನ ಆಣೆ ಅಂದರೆ ದೊಡ್ಡವರ ನಾಲಿಗೆಯೇ ಒಣಗುತ್ತದೆ ಎಂದು ಅವಳಿಗೆ ಗೊತ್ತಿತ್ತು, ಗೊತ್ತಿದ್ದೇ ಅದನ್ನು ಮಕ್ಕಳ ಮೇಲೆ ಬಿಟ್ಟಳು. ಡಬ್ಬಿ ಮೇಜಿನ ಮೇಲೇ ಉಳಿಯಿತು. ಜಗಳ ಬಂದರೆ, ದೂರು ಬಂದರೆ, ಬೊಟ್ಟು ಕೇಳಿದವರ ಮೇಲೆ ಅನುಮಾನ ಬಂದರೆ, ಮೊದಲು ಡಬ್ಬಿ ಮೇಲೆ ಕೈ ಇಡಬೇಕು, ಆಮೇಲೆ ಬಾಯಿ ಬಿಡಬೇಕು. 'ಕೈ ಮೊದಲು, ಮಾತು ಆಮೇಲೆ' ಅಂತ ಪಟ್ಟಿಯ ಕೆಳಗೆ ದಪ್ಪಕ್ಷರದಲ್ಲಿ ಬರೆದೂ ಬಿಟ್ಟಳು. ಒಂದು ವಾರದಲ್ಲಿ ಸುಳ್ಳು ನಿಂತುಹೋಯಿತು.

ಹೆಡ್ಮಾಸ್ಟರ್ ಶಾಂತಮೂರ್ತಿ ಬಾಗಿಲಲ್ಲಿ ನಿಂತು ನೋಡಿ ಬೆರಗಾದರು. "ಕೋಲಿಲ್ಲ, ಕೂಗಾಟ ಇಲ್ಲ. ಇಪ್ಪತ್ತೆರಡು ವರ್ಷದ ಸರ್ವೀಸಲ್ಲಿ ನಂಗಿದು ಹೊಳೀಲಿಲ್ಲವಲ್ಲಮ್ಮ!" ಅಂದರು. ಪದ್ಮಿನಿ ಹಿಗ್ಗಿ ಹೀರೇಕಾಯಿಯಾದಳು. ಡಿ.ಎಡ್. ಓದುವವರು ಒಂದು ಕ್ರಿಯಾ ಸಂಶೋಧನೆಯ ವರದಿ ಬರೆದು ಕೊಡಬೇಕು, ಅದಕ್ಕೆ ಅಂಕ ಉಂಟು. ಅವಳು ಇದನ್ನೇ ವಿಷಯ ಮಾಡಿಕೊಂಡಳು. 'ಐದನೇ ತರಗತಿಯ ಮಕ್ಕಳಲ್ಲಿ ಸತ್ಯ ನುಡಿಯುವ ಅಭ್ಯಾಸ ಬೆಳೆಸುವುದು.' ಕಾಲೇಜಿನ ಉಪನ್ಯಾಸಕ ರುದ್ರಸ್ವಾಮಿ ಶೀರ್ಷಿಕೆ ಓದಿಯೇ ತಲೆದೂಗಿ, "ಕೊನೇ ಪಾಠಕ್ಕೆ ನಾನೇ ಬಂದು ನೋಡ್ತೀನಮ್ಮ" ಎಂದರು.

ಆ ಪಟ್ಟಿಯಲ್ಲಿ ಎಲ್ಲರಿಗಿಂತ ಹೆಚ್ಚು ಬೊಟ್ಟು ಇದ್ದದ್ದು ಸಿಂಧುವಿಗೆ. ಹದಿನಾಲ್ಕು. ಮುಂದಿನ ಸಾಲಿನಲ್ಲಿ ಕೂರುವ, ಎರಡು ಜಡೆ ಬಿಗಿದು ಕಟ್ಟಿಕೊಂಡು ಬರುವ ಹುಡುಗಿ. ಮಾತು ಕಮ್ಮಿ, ಕಣ್ಣು ಮಾತ್ರ ಎಲ್ಲ ಕಡೆ. ಅವಳ ಮಾತಿನ ಮೇಲೆ ಯಾರಿಗೂ ಅನುಮಾನ ಬಂದೇ ಇರಲಿಲ್ಲವಾದ್ದರಿಂದ ಡಬ್ಬಿಯ ಹತ್ತಿರ ಅವಳನ್ನು ಯಾರೂ ಕರೆದಿರಲಿಲ್ಲ. ಇದನ್ನು ಪದ್ಮಿನಿ ಗಮನಿಸಿರಲೇ ಇಲ್ಲ.

ಏಳನೇ ವಾರ ಎಲೆಯ ಪಾಠ. ಕಾಲೇಜಿನಿಂದ ಸಹಿ ಹಾಕಿ ಒಂದು ಭೂತಗನ್ನಡಿ ತಂದಿದ್ದಳು ಪದ್ಮಿನಿ. ಎಲೆಯ ನರಗಳು ಅದರಲ್ಲಿ ದೊಡ್ಡದಾಗಿ ಕಂಡಾಗ ಮಕ್ಕಳ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಪಾಠ ಮುಗಿಯಿತು, ಗಂಟೆ ಹೊಡೆಯಿತು, ಗಲಾಟೆ. ಮಧ್ಯಾಹ್ನ ಬಿಸಿಯೂಟ ಮುಗಿಸಿ ಬಂದು ಸಾಮಾನು ಜೋಡಿಸುವಾಗ ನೋಡಿದರೆ ಭೂತಗನ್ನಡಿ ಇಲ್ಲ! ಮೇಜಿನ ಮೇಲಿಲ್ಲ, ಖಾನೆಯಲ್ಲಿಲ್ಲ, ಬ್ಯಾಗಿನಲ್ಲಿಲ್ಲ. ಕಾಲೇಜಿಗೆ ಏನು ಹೇಳುವುದು?

"ಯಾರು ತಗೊಂಡ್ರಿ?" ಕೇಳಿದಳು. ಸಿಂಧು ಎದ್ದು ನಿಂತಳು. "ಮಿಸ್, ಅದು..."

"ಕೈ ಮೊದಲು, ಮಾತು ಆಮೇಲೆ. ಕೂತ್ಕೋ. ಎಲ್ಲರೂ ಸಾಲಾಗಿ ಬನ್ನಿ" ಅಂದಳು ಪದ್ಮಿನಿ.

ಒಬ್ಬೊಬ್ಬರಾಗಿ ಬಂದರು. ಡಬ್ಬಿಯ ಮೇಲೆ ಕೈ ಇಟ್ಟು, "ನಾ ತಕಂಡಿಲ್ಲ, ಮಾದಪ್ಪನಾಣೆ" ಎಂದು ಹೇಳಿ ಹೋಗಿ ಕೂತರು. ಇಪ್ಪತ್ತಮೂರು ಜನ ಮುಗಿದರು. ಸಿಂಧು ಮೇಜಿನ ಮುಂದೆ ಬಂದು, ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತುಬಿಟ್ಟಳು.

"ಇಡು ಕೈ."

"ನಾವು ಆಣೆ ಇಡಾಕಿಲ್ಲ ಮಿಸ್."

"ಯಾಕೆ?"

"ನಮ್ಮನೇಲಿ ಇಡಾಕಿಲ್ಲ. ಮಿಸ್, ಆ ಕನ್ನಡಿ..."

"ಮೊದಲು ಕೈ ಇಡು ಅಂದೆ!"

ಹುಡುಗಿ ಇಡಲಿಲ್ಲ. ಕಣ್ಣು ತುಂಬಿ ಕೆನ್ನೆ ಮೇಲೆ ಇಳಿಯಿತು, ಕೈ ಮಾತ್ರ ಬೆನ್ನ ಹಿಂದೆಯೇ ಇತ್ತು. ಹಿಂದಿನ ಸಾಲಿನಿಂದ ಯಾರೋ "ಇವ್ಳೇ ಕಣ್ಲಾ" ಅಂದರು. ತಪ್ಪು ಮಾಡದವಳು ಆಣೆಗೆ ಯಾಕೆ ಹೆದರಬೇಕು? ಪದ್ಮಿನಿಗೂ ಹಾಗೇ ಅನ್ನಿಸಿತು. ಅವಳು ಬಯ್ಯಲಿಲ್ಲ, ಹೊಡೆಯಲಿಲ್ಲ. ಗೋಡೆಯ ಹತ್ತಿರ ಹೋಗಿ ಸಿಂಧುವಿನ ಹೆಸರಿನ ಮುಂದಿದ್ದ ಬೊಟ್ಟುಗಳನ್ನು ಉಗುರಿನಿಂದ ಒಂದೊಂದಾಗಿ ಎಬ್ಬಿಸಿದಳು. ಹದಿನಾಲ್ಕೂ. ಇಪ್ಪತ್ತಮೂರು ಮಕ್ಕಳು ನೋಡುತ್ತಿದ್ದರು. ಪಾಪಿ, ಎರಡೇಟು ಬಿಗಿದಿದ್ದರೂ ಆ ಮಗು ಸಂಜೆಯೊಳಗೆ ಮರೆಯುತ್ತಿತ್ತು.

ಮಾರನೇ ದಿನ ಸಿಂಧು ಬಂದಳು. ಹುಡುಗರು "ಭೂತಗನ್ನಡಿ ಬಂದ್ಲು" ಅಂದರು. ಅದರ ಮಾರನೇ ದಿನ ಬರಲಿಲ್ಲ. ಆಮೇಲೂ ಬರಲಿಲ್ಲ. ಪದ್ಮಿನಿ ತನ್ನ ವರದಿಯಲ್ಲಿ ಒಂದು ಪುಟ ಬರೆದಳು: 'ಒಬ್ಬ ವಿದ್ಯಾರ್ಥಿನಿಯು ಪ್ರಮಾಣ ಮಾಡಲು ನಿರಾಕರಿಸಿದ್ದರಿಂದ ತಪ್ಪಿತಸ್ಥರನ್ನು ಗುರುತಿಸಲು ಸಾಧ್ಯವಾಯಿತು.' ಬರೆದು ಎರಡು ಸಲ ಓದಿಕೊಂಡಳು. ಚೆನ್ನಾಗಿ ಬಂದಿದೆ ಅಂತಲೂ ಅನ್ನಿಸಿತು.

ಎಲೆಯ ಪಾಠವಾದ ಮಾರನೆಯ ದಿನದಿಂದ ಮೋಡ ಕಟ್ಟಿಕೊಂಡು ಚಳಿ ಬಿಟ್ಟಿತ್ತು. ಐದಾರು ದಿನದ ಮೇಲೆ ಮತ್ತೆ ಇಬ್ಬನಿ ಬೀಳತೊಡಗಿದಾಗ ಗೂಟಕ್ಕೆ ನೇತುಹಾಕಿದ್ದ ಸ್ವೆಟರ್ ಹಾಕಿಕೊಂಡು ಬಸ್ಸು ಹತ್ತಿದಳು. ಹನೂರು ದಾಟಿದ ಮೇಲೆ ಕೈ ಬೆಚ್ಚಗಾಗಲಿ ಅಂತ ಜೇಬಿಗೆ ಕೈ ತೂರಿಸಿದಳು. ಬೆರಳಿಗೆ ತಣ್ಣನೆಯ ಗಾಜು ತಗುಲಿತು.

ಅಯ್ಯಯ್ಯೋ!

ಹೊರಗೆ ತೆಗೆಯುವ ಧೈರ್ಯವೂ ಬರಲಿಲ್ಲ. ಜೇಬಿನೊಳಗೇ ಅದರ ಹಿಡಿ, ಅದರ ಅಂಚು ಮುಟ್ಟಿ ಮುಟ್ಟಿ ನೋಡಿದಳು. ಆವತ್ತು ಗಂಟೆ ಹೊಡೆದಾಗ ಎಲೆ ಬಾಚಿಕೊಳ್ಳುತ್ತಾ ಕುರ್ಚಿಯ ಮೇಲಿದ್ದ ಸ್ವೆಟರಿನ ಜೇಬಿಗೆ ತಾನೇ ಇಳಿಬಿಟ್ಟದ್ದು ಈಗ ಚಿತ್ರದ ಹಾಗೆ ಕಣ್ಣ ಮುಂದೆ ಬಂತು. ಕಳ್ಳಿ ಯಾರು ಈಗ? ಬಸ್ಸಿನ ಜನರೆಲ್ಲ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿ ಸೆರಗು ಎಳೆದುಕೊಂಡಳು. ರಾಮಾಪುರ ಬರುವಷ್ಟರಲ್ಲಿ ಅವಳ ಬುದ್ಧಿ ಹತ್ತು ದಾರಿ ಹುಡುಕಿತ್ತು. ಎಲೆಯ ಬುಟ್ಟಿಯೊಳಗೆ ಹಾಕಿ 'ಸಿಕ್ಕಿತು' ಅನ್ನಬಹುದು. ಕಾಲೇಜಿಗೆ ಮರಳಿಸಿ ಸುಮ್ಮನಾಗಬಹುದು. ಇನ್ನೆರಡು ವಾರ ಕಳೆದರೆ ಈ ಊರಿಗೂ ತನಗೂ ಏನು ಸಂಬಂಧ? ವರದಿ ಬರೆದಾಗಿದೆ, ರುದ್ರಸ್ವಾಮಿ ಸರ್ ಬರುವವರಿದ್ದಾರೆ, ಹೆಡ್ಮಾಸ್ಟರು ಊರೆಲ್ಲ ಹೇಳಿಕೊಂಡು ಬಂದಿದ್ದಾರೆ. ಈಗ ಬಾಯಿ ಬಿಟ್ಟರೆ ಮಾನ ಹರಾಜು.

ಆವತ್ತು ಬಾಯಿ ಬಿಡಲಿಲ್ಲ. ಮಾರನೇ ದಿನವೂ ಬಿಡಲಿಲ್ಲ. ರಾತ್ರಿ ಅನ್ನ ಸೇರದು, ಅವ್ವ ಕೇಳಿದರೆ ತಲೆನೋವು ಅನ್ನುವುದು. ಮೂರನೇ ದಿನ ತಡೆಯಲಾರದೆ ಶಾಲೆ ಬಿಟ್ಟ ಮೇಲೆ ಸಿಂಧುವಿನ ಮನೆ ಕೇಳಿಕೊಂಡು ಹೋದಳು. ಭೂತಗನ್ನಡಿ ಬ್ಯಾಗಿನಲ್ಲೇ ಇತ್ತು. ಮನೆಯವರ ಮುಂದೆ ಹೇಳಿಬಿಟ್ಟರೆ ತರಗತಿಯಲ್ಲಿ ಹೇಳುವ ಪೇಚು ತಪ್ಪುತ್ತದೆ ಎಂಬ ಲೆಕ್ಕಾಚಾರವೂ ಒಳಗೊಳಗೆ ಇತ್ತು. ಇದನ್ನು ಅವಳೇ ಒಪ್ಪಿಕೊಳ್ಳುತ್ತಾಳೆ.

ಜಗುಲಿಯ ಮೇಲೆ ಅಜ್ಜಿ ಕೆಂಪಾಜಮ್ಮ ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ಹುಡುಗಿ ಆಡು ಹೊಡೆದುಕೊಂಡು ಬರಲು ಹೋಗಿದ್ದಳು. "ಬಾ ಕನವ್ವ, ಟೀಚರಮ್ಮ, ಕುತ್ಕೋ" ಅಂತ ಅಜ್ಜಿ ಮಂದಲಿಗೆ ಹಾಸಿ, ಬೇಡವೆಂದರೂ ಕೇಳದೆ ಒಂದು ಲೋಟ ಮಜ್ಜಿಗೆ ತಂದು ಕೈಗಿಟ್ಟಳು. ಆಮೇಲೆ ತಾನೇ ಮಾತೆತ್ತಿದಳು.

"ಆ ಕನ್ನಡಿಗೋಸ್ಕರ ಮನೆಯೆಲ್ಲ ಜಾಲಾಡ್ಬುಟ್ವು ಕನವ್ವ. ಕಾಳಿನ ಮಡಕೆ ಸೈತ ಸುರ್ದು ನೋಡುದ್ವಿ. ಅವ್ರಪ್ಪ ಮಾದುಗೆ ಸಿಟ್ಟು ಬಂದು, ಬೆನ್ ಮ್ಯಾಲೆ ನಾಕು ಬಾರಿಸ್ಬುಟ್ಟ. ತಕಂಡಿಲ್ಲ ಅನ್ನದು ಬುಟ್ಟು ಇನ್ನೊಂದು ಮಾತಾಡ್ನಿಲ್ಲ ನನ್ ಕೂಸು."

ಪದ್ಮಿನಿ ಲೋಟವನ್ನು ಬಾಯಿಂದ ಕೆಳಗಿಳಿಸಿದಳು. ಕೋಲು ಮುಟ್ಟದ ಟೀಚರು! ಬೇರೆಯವರ ಕೈಯಲ್ಲಿ ಹೊಡೆಸಿಯಾಗಿತ್ತು.

"ಆಣೆ ಯಾಕೆ ಇಡಲ್ಲ ಅಜ್ಜಿ?" ಕೇಳಿದಳು, ಬೇರೇನೂ ತೋಚದೆ.

ಕೆಂಪಾಜಮ್ಮ ಮೊರ ಕೆಳಗಿಟ್ಟಳು. "ನಮ್ಮ ಯಜಮಾನ್ರು ಒಂದ್ ಸಲ ಹೊಲದ್ ಬದಿನ ಜಗಳದಲ್ಲಿ ಬೆಟ್ಟುಕ್ಕೋಗಿ ಸುಳ್ಳಾಣೆ ಇಟ್ಬುಟ್ರು. ಬದು ಸಿಕ್ತು. ಆ ವರ್ಸವೇ ನನ್ ದೊಡ್ಡ ಮಗ ಓಗ್ಬುಟ್ಟ. ಆಣೆಗೇ ಸತ್ನೋ ಜರಕ್ಕೇ ಸತ್ನೋ, ನಂಗೇನ್ ಗೊತ್ತು? ಸಾಯೋಗಂಟ ನಾನೇ ತಿಂದ್ಕಂಡೆ ಮಗನ್ನ ಅಂತ ಅಳ್ತಿದ್ರು. ಆವತ್ತಿಂದ ಈ ಮನೇಲಿ ಸುಳ್ಳಿಗೂ ಆಣೆ ಇಲ್ಲ, ದಿಟಕ್ಕೂ ಆಣೆ ಇಲ್ಲ. ಮಾತು ಅಂದ್ರೆ ಮಾತು, ಅಷ್ಟೇಯ."

ಈಗ ಹೇಳಬೇಕು. ಬ್ಯಾಗಿನ ಜಿಪ್ಪಿನ ಮೇಲೆ ಕೈ ಹೋಯಿತು. ಅಷ್ಟರಲ್ಲಿ ಅಜ್ಜಿ ಅವಳ ಮೊಣಕೈ ಹಿಡಿದು, "ಕಳ್ಳಿ ಅಂತ ಅನ್ನದೆ ಮನೇಗಂಟ ಕರ್ಯಾಕೆ ಬಂದ್ಯಲ್ಲ, ನೀ ದೊಡ್ಡೋಳು ಕನವ್ವ. ನಾಳೆ ಕಳಿಸ್ತೀನಿ" ಎಂದಳು. ಪದ್ಮಿನಿ ಜಿಪ್ಪಿನಿಂದ ಕೈ ತೆಗೆದಳು. ಮಜ್ಜಿಗೆ ಕುಡಿದು, "ಬರ್ತೀನಜ್ಜಿ" ಅಂದು ಎದ್ದು ಬಂದುಬಿಟ್ಟಳು. ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡಳು. ಬಸ್ಸಿನ ಕಿಟಕಿಗೆ ಮುಖ ಕೊಟ್ಟು ಅತ್ತಳು. ಅತ್ತರೆ ಏನು ಬಂತು? ಹೇಳಬೇಕಾದ್ದನ್ನು ಹೇಳದೆ ಬಂದಾಗಿತ್ತು.

ಅಜ್ಜಿ ಹೇಳಿದಂತೆ ಸಿಂಧು ಬಂದಳು. ಮುಂದಿನ ಸಾಲಿಗೆ ಬರಲಿಲ್ಲ, ಕೊನೆಯಲ್ಲಿ ಕಿಟಕಿ ಹತ್ತಿರ ಒಬ್ಬಳೇ ಕೂತಳು. ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಬೊಟ್ಟು ಕಿತ್ತ ಕಡೆ ಹಾಳೆಯ ಮೇಲ್ಪದರ ಸುಲಿದು ಹದಿನಾಲ್ಕು ಗಾಯ. ಪದ್ಮಿನಿ ಬೋರ್ಡಿನ ಮೇಲೆ ಬರೆಯಲು ತಿರುಗಿದಾಗೆಲ್ಲ ಅದು ಕಣ್ಣಿಗೆ ಹೊಡೆಯುತ್ತಿತ್ತು. ಹೀಗೇ ಒಂಬತ್ತು ದಿನ ಕಳೆದವು. ಒಂಬತ್ತು ದಿನವೂ ಇವತ್ತು ಹೇಳುತ್ತೇನೆ ಅಂದುಕೊಂಡು ಬಸ್ಸು ಹತ್ತುವುದು, ನಾಳೆ ಹೇಳುತ್ತೇನೆ ಅಂದುಕೊಂಡು ಇಳಿಯುವುದು.

ಕೊನೆಯ ಪಾಠದ ದಿನ ರುದ್ರಸ್ವಾಮಿ ಬಂದರು. ಹಿಂದಿನ ಬೆಂಚಿನಲ್ಲಿ ಅಂಕದ ಹಾಳೆ ತೊಡೆಯ ಮೇಲಿಟ್ಟುಕೊಂಡು ಕೂತರು. ಶಾಂತಮೂರ್ತಿ ಬಾಗಿಲ ಬಳಿ ಕುರ್ಚಿ ಹಾಕಿಕೊಂಡರು. ಪಾಠ ಚೆನ್ನಾಗೇ ಆಯಿತು. ಮುಗಿದ ಮೇಲೆ ರುದ್ರಸ್ವಾಮಿ ನಗುತ್ತಾ, "ವರದೀಲಿ ಬರೆದಿದ್ದೀಯಲ್ಲಮ್ಮ, ಆ ಡಬ್ಬಿ ವಿಧಾನ, ಒಂದು ಸಲ ಮಾಡಿ ತೋರಿಸು. ಯಾರನ್ನಾದರೂ ಕರಿ" ಎಂದರು.

ಪದ್ಮಿನಿ ತರಗತಿಯ ಮೇಲೆ ಕಣ್ಣಾಡಿಸಿದಳು. ಯಾರನ್ನು ಕರೆಯುವುದು? ಎಲ್ಲ ಮಕ್ಕಳೂ ಡಬ್ಬಿಯನ್ನೇ ನೋಡುತ್ತಿದ್ದರು. ಸಿಂಧು ಮಾತ್ರ ಎರಡು ಕೈಯನ್ನೂ ಬೆನ್ನ ಹಿಂದಕ್ಕೆ ಒಯ್ದುಕೊಂಡಳು. ಯಾರೂ ಅವಳನ್ನು ಕರೆದಿರಲಿಲ್ಲ.

ಅಷ್ಟು ಕಂಡದ್ದೇ ತಡ, ಪದ್ಮಿನಿ ಬ್ಯಾಗಿನಿಂದ ಭೂತಗನ್ನಡಿ ತೆಗೆದು ಮೇಜಿನ ಮೇಲೆ ಇಟ್ಟಳು. ಇಡುವಾಗ ಟಕ್ಕೆಂದು ಸದ್ದಾಯಿತು.

"ಇದನ್ನ ಯಾರೂ ಕದ್ದಿರಲಿಲ್ಲ" ಅಂದಳು. "ನನ್ನ ಸ್ವೆಟರ್ ಜೇಬಲ್ಲೇ ಇತ್ತು. ನಾನೇ ಹಾಕ್ಕೊಂಡಿದ್ದು, ನಾನೇ ಮರೆತಿದ್ದು. ಸಿಕ್ಕಿ ಹನ್ನೆರಡು ದಿನ ಆಯ್ತು. ನಿಮ್ಮ ಹತ್ರ ಹೇಳೋಕೆ ನಂಗೆ ಧೈರ್ಯ ಬರಲಿಲ್ಲ. ಸಿಂಧು ಕಳ್ಳಿ ಅಲ್ಲ. ತಪ್ಪು ನಂದು."

ಶಾಂತಮೂರ್ತಿ ಕುರ್ಚಿಯಲ್ಲಿ ಮಿಸುಕಾಡಿದರು. ರುದ್ರಸ್ವಾಮಿಯವರ ಪೆನ್ನು ಹಾಳೆಯ ಮೇಲೆ ನಿಂತುಬಿಟ್ಟಿತು. ಆಗ ಮಾದೇಶ ಕೈ ಎತ್ತಿದ. ಅವನಲ್ಲಿ ಕುಚೋದ್ಯವಿರಲಿಲ್ಲ, ಅವಳೇ ಕಲಿಸಿದ್ದನ್ನು ಅವಳಿಗೇ ನೆನಪು ಮಾಡಿಕೊಟ್ಟ.

"ಮಿಸ್, ಕೈ ಮೊದ್ಲು, ಮಾತು ಆಮ್ಯಾಲೆ."

ಅವನು ಹೇಳಿದ್ದು ಸರಿ. ಸಿಂಧುವನ್ನು ಬಿಡಿಸಬೇಕೆಂದು ಟೀಚರು ಸುಳ್ಳು ಹೇಳುತ್ತಿರಬಹುದಲ್ಲ? ಇಪ್ಪತ್ತಮೂರು ಜೊತೆ ಕಣ್ಣುಗಳು ಅವಳನ್ನು ಅನುಮಾನದಿಂದ ನೋಡಿದವು. ಮಾತು ಆಡಿಯೂ ನಂಬಿಸಲಾಗದೆ ನಿಲ್ಲುವುದು ಎಂಥದ್ದೆಂದು ಪದ್ಮಿನಿಗೆ ಆವತ್ತು ಗೊತ್ತಾಯಿತು. ಡಬ್ಬಿಯ ಕಡೆ ಕೈ ಚಾಚಿದಳು.

"ಬ್ಯಾಡಿ ಮಿಸ್!"

ಸಿಂಧು ಎದ್ದು ನಿಂತಿದ್ದಳು. "ದಿಟವೇ ಹೇಳ್ತಾವ್ರೆ ಕಣ್ರಲಾ. ಸ್ವೆಟ್ರು ಜೋಬಿಗೆ ಹಾಕಂಡದ್ದ ನಾನೇ ನೋಡಿವ್ನಿ."

ಹುಡುಗರು ಅವಳತ್ತ ತಿರುಗಿ, ಆಮೇಲೆ ಒಪ್ಪಿ ತಲೆಯಾಡಿಸಿದರು. ಯಾರೂ ಅವಳ ಕೈ ಕೇಳಲಿಲ್ಲ. ಪದ್ಮಿನಿ ಚಾಚಿದ ಕೈ ಹಿಂದಕ್ಕೆಳೆದುಕೊಂಡು ಸಿಂಧುವಿನ ಕಡೆ ತಿರುಗಿದಳು.

"ನೋಡಿದ್ಯಾ? ಆವತ್ತೇ?" ಅಂದಳು. "ಮತ್ತೆ ನಂಗ್ಯಾಕೆ ಹೇಳಲಿಲ್ಲ ಮಗಾ?"

"ಹೇಳಕ್ಕೆ ಬಾಯಿ ತೆಗ್ದಿದ್ನಲ್ಲ ಮಿಸ್" ಅಂದಳು ಸಿಂಧು. "ಎರಡ್ ಸಲ."